ಕಂಪೆನಿಗಳ ಚರಿತ್ರೆಗೆ ಆಧಾರಗಳು: ದಫ್ತರದಿಂದ ದತ್ತಸಂಚಯದವರೆಗೆ

ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಯಾವುದಾದರೊಂದು ಕಂಪೆನಿಯನ್ನೋ ಉದ್ಯಮವನ್ನೋ ಆರಿಸಿಕೊಂಡು ಅದರ ಏಳು-ಬೀಳುಗಳನ್ನು ಕುರಿತು ಕಿರುಪ್ರಬಂಧವೊಂದನ್ನು ಸಿದ್ಧಪಡಿಸುವ ಪದ್ಧತಿ ನಮ್ಮ ಕಾಲೇಜುಗಳಲ್ಲಿ ಈಗ ನೆಲೆಗೊಂಡಿದೆ. ಇದಕ್ಕೆ ಬೇಕಾದ ಅಂಕಿ-ಅಂಶಗಳಿಗಾಗಿ ಹಿಂದಿನ ತಲೆಮಾರಿನವರು ವಾರ್ಷಿಕ ವರದಿಗಳ ಕಟ್ಟುಗಳನ್ನು ಬಿಚ್ಚಿ, ಧೂಳು ಕೊಡವಿ, ಕೈಯಾರೆ ನಕಲು ಮಾಡಿಕೊಳ್ಳಬೇಕಾಗಿತ್ತು. ಇಂದು ಗ್ರಂಥಭಂಡಾರದ ಗಣಕದ ಮುಂದೆ ಕುಳಿತು ಕಂಪೆನಿಯ ಹೆಸರನ್ನು ನಮೂದಿಸಿದರೆ ಸಾಕು, ಇಪ್ಪತ್ತು ಮೂವತ್ತು ವರ್ಷಗಳ ಅಢಾವೆ ಪತ್ರಿಕೆಗಳೂ ಲಾಭ-ನಷ್ಟದ ಲೆಕ್ಕಗಳೂ ಸಾಲುಸಾಲಾಗಿ ಬಂದು ನಿಲ್ಲುತ್ತವೆ. ಇಂಥ ಸಂಗ್ರಹಕ್ಕೆ ಡೇಟಾಬೇಸ್ ಎಂದೂ ಕನ್ನಡದಲ್ಲಿ ದತ್ತಸಂಚಯವೆಂದೂ ಹೆಸರು. ಈ ಸೌಲಭ್ಯ ಸಾಮಾನ್ಯವಾದುದಲ್ಲ. ಅದನ್ನು ಹಳಿಯಬೇಕೆಂಬ ಉದ್ದೇಶವೂ ಇಲ್ಲಿಲ್ಲ. ಆದರೆ ಚರಿತ್ರೆಯ ವಿದ್ಯಾರ್ಥಿಯು ಶಿಲಾಶಾಸನವೊಂದನ್ನು ಕಂಡಾಗ ಅದನ್ನು ಬರೆಯಿಸಿದವರು ಯಾರು, ಯಾವಾಗ, ಯಾವ ಪ್ರಯೋಜನಕ್ಕಾಗಿ ಎಂದು ಮೊದಲು ವಿಚಾರಿಸುತ್ತಾನೆ. ಕಂಪೆನಿಯ ಲೆಕ್ಕಗಳನ್ನು ಬಳಸುವವರು ಈ ವಿಚಾರಣೆಯನ್ನು ನಡೆಸುವುದು ವಿರಳ. ಆ ಲೆಕ್ಕಗಳಾದರೂ ಒಂದು ಬಗೆಯ ಶಾಸನಗಳೇ. ಕಾನೂನು ಕೇಳಿದುದನ್ನು ಅವು ಹೇಳುತ್ತವೆ. ಕೇಳದುದನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ಮತ್ತು ಅವುಗಳಲ್ಲಿ ನಮ್ಮ ಕಿವಿಗೆ ಬೀಳುವುದು ಬಹುಮಟ್ಟಿಗೆ ಬದುಕಿ ಉಳಿದ ಕಂಪೆನಿಗಳ ಮಾತು. ಇದನ್ನು ಗಮನಿಸದೆ ಬರೆದ ಪ್ರಬಂಧದಲ್ಲಿ ಪ್ರತಿಯೊಂದು ಅಂಕಿಯೂ ಸರಿಯಾಗಿದ್ದು ನಿರ್ಣಯ ಮಾತ್ರ ತಪ್ಪಾಗುವ ಸಂಭವವುಂಟು. ಕೆಲವು ನಿದರ್ಶನಗಳ ಮೂಲಕ ಈ ವಿಷಯವನ್ನು ಪರ್ಯಾಲೋಚಿಸುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

ಕಂಪೆನಿಗಳು ತಮ್ಮ ಲೆಕ್ಕಪತ್ರಗಳನ್ನು ಸಾರ್ವಜನಿಕರ ಮುಂದೆ ಇಡಬೇಕಾದ ಅವಶ್ಯಕತೆ ಏತಕ್ಕೆ ಬಂದಿತು? ಒಬ್ಬ ವರ್ತಕನು ಸಾಲ ಮಾಡಿ ದಿವಾಳಿಯಾದರೆ ಸಾಲಗಾರರು ಅವನ ಮನೆಮಾರನ್ನು ಹಿಡಿಯಬಹುದು. ಸೀಮಿತ ಹೊಣೆಯ ಕಂಪೆನಿಯಲ್ಲಿಯಾದರೋ ಷೇರುದಾರನು ತನ್ನ ಷೇರಿನ ಮೊಬಲಗನ್ನು ಪೂರ್ತಿ ಕಟ್ಟಿದ ಮೇಲೆ ಅವನ ಜವಾಬ್ದಾರಿ ಅಲ್ಲಿಗೆ ಮುಗಿಯಿತು. ಈ ರಕ್ಷಣೆಗೆ ಪ್ರತಿಯಾಗಿ ಕಂಪೆನಿಯು ತನ್ನ ಸ್ಥಿತಿಯನ್ನು ಬಹಿರಂಗಪಡಿಸಬೇಕೆಂಬ ವಾದ ಇಂಗ್ಲೆಂಡಿನಲ್ಲಿ ಹತ್ತೊಂಬತ್ತನೆಯ ಶತಮಾನದ ನಡುವೆ ಬಲಗೊಂಡಿತು. 1844ರ ಶಾಸನವು ಕಂಪೆನಿಗಳ ರಿಜಿಸ್ಟ್ರಾರ್ ಎಂಬ ಅಧಿಕಾರಿಯನ್ನು ನೇಮಿಸಿ, ಅಢಾವೆ ಪತ್ರಿಕೆಯನ್ನು ಅವನ ಕಚೇರಿಗೆ ಒಪ್ಪಿಸಬೇಕೆಂದು ವಿಧಿಸಿತು. 1855ರಲ್ಲಿ ಸೀಮಿತ ಹೊಣೆ ದೊರೆಯಿತು. ವಿಚಿತ್ರವೆಂದರೆ, ಅದರ ಮರುವರ್ಷವೇ, 1856ರಲ್ಲಿ, ಲೆಕ್ಕಪತ್ರಗಳನ್ನು ಒಪ್ಪಿಸಬೇಕೆಂಬ ಕಡ್ಡಾಯವನ್ನು ಕೈಬಿಡಲಾಯಿತು! ಸಾರ್ವಜನಿಕ ಕಂಪೆನಿಗಳ ಅಢಾವೆ ಪತ್ರಿಕೆ ಮತ್ತೆ ರಿಜಿಸ್ಟ್ರಾರನ ಕಚೇರಿಯನ್ನು ಸೇರತೊಡಗಿದ್ದು 1907ರ ಶಾಸನದ ತರುವಾಯ. ನಡುವಣ ಐವತ್ತು ವರ್ಷಗಳ ಈ ಬರಿದುಸ್ಥಳವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಕೋಲಾರದ ಚಿನ್ನದ ಪ್ರಸಂಗದಲ್ಲಿ ಇದರ ಪ್ರಯೋಜನ ಕಾಣುವುದು.

ಭಾರತದಲ್ಲಿ ಕಂಪೆನಿಗಳ ನೋಂದಣಿಗೆ 1850ರಲ್ಲಿ ಮೊದಲ ಶಾಸನವೂ 1857ರಲ್ಲಿ ಸೀಮಿತ ಹೊಣೆಯ ಶಾಸನವೂ ಬಂದವು. ಬ್ಯಾಂಕುಗಳಿಗೆ ಈ ಸೌಲಭ್ಯ ದೊರೆತದ್ದು 1860ರಲ್ಲಿ. ಆಮೇಲೆ 1866, 1882, 1913ರ ಶಾಸನಗಳು. ಲಾಭ-ನಷ್ಟದ ಲೆಕ್ಕವನ್ನೂ ಕಡ್ಡಾಯ ಮಾಡಿದ 1936ರ ತಿದ್ದುಪಡಿ. ಸ್ವಾತಂತ್ರ್ಯಾನಂತರ ಭಾಭಾ ಸಮಿತಿಯ ವರದಿಯನ್ನು ಅನುಸರಿಸಿ ಬಂದ 1956ರ ವಿಸ್ತಾರವಾದ ಕಾಯಿದೆ. ಅದರ ಸ್ಥಾನವನ್ನು ಪಡೆದ 2013ರ ಕಾಯಿದೆ. ಮೈಸೂರು ಸಂಸ್ಥಾನವು ತನ್ನದೇ ಆದ ಕಂಪೆನಿ ಕಾನೂನನ್ನು ಹೊಂದಿತ್ತು. ಆದುದರಿಂದ 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಮದರಾಸು ಆಧಿಪತ್ಯದ ದಫ್ತರಕ್ಕೆ ಸೇರಿದ್ದರೆ, 1913ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಬ್ಯಾಂಕ್ ಆಫ್ ಮೈಸೂರು ಸಂಸ್ಥಾನದ ದಫ್ತರಕ್ಕೆ ಸೇರಿತು. ಇಂದು ಎರಡನ್ನೂ ಕರ್ನಾಟಕದ ಬ್ಯಾಂಕುಗಳೆಂದೇ ಒಟ್ಟಿಗೆ ಹೇಳುವೆವಾದರೂ ಅವುಗಳ ಆರಂಭದ ಕಾಗದಪತ್ರಗಳನ್ನು ಒಂದೇ ಕಡೆ ಹುಡುಕಿದರೆ ಸಿಗಲಾರವು.

ಸರಕಾರದ ದಫ್ತರದಲ್ಲಿರುವ ಕಾಗದವು ಸಾಮಾನ್ಯ ವರ್ತಕನಿಗೆ ಸುಲಭವಾಗಿ ನಿಲುಕತಕ್ಕದ್ದಲ್ಲ. ಅದನ್ನು ಕಲೆಹಾಕಿ ಮಾರುವವರು ಬೇರೆಯೇ ಹುಟ್ಟಿಕೊಂಡರು. ಅಮೆರಿಕದಲ್ಲಿ ಲೂಯಿಸ್ ಟ್ಯಾಪನ್ ಎಂಬಾತನು 1841ರಲ್ಲಿ ಸ್ಥಾಪಿಸಿದ ಮರ್ಕೆಂಟೈಲ್ ಏಜೆನ್ಸಿಯು ಊರೂರಿನ ವರ್ತಕರ ನಾಣ್ಯತೆಯನ್ನು ಕುರಿತು ಗುಟ್ಟಾದ ವರದಿಗಳನ್ನು ತರಿಸಿ ಲೆಕ್ಕದ ಪುಸ್ತಕಗಳಲ್ಲಿ ಬರೆಯಿಸಿತು. ಆ ಪುಸ್ತಕಗಳಲ್ಲಿ 2,580 ಸಂಪುಟಗಳು ಹಾರ್ವರ್ಡ್ ವಿಶ್ವವಿದ್ಯಾನಿಲಯದ ಬೇಕರ್ ಗ್ರಂಥಭಂಡಾರದಲ್ಲಿ ಇಂದಿಗೂ ಇವೆ. ರೈಲುದಾರಿಯ ಕಂಪೆನಿಗಳ ವಿಷಯವನ್ನು ಹೆನ್ರಿ ವಾರ್ನಮ್ ಪೂರ್ 1860ರಲ್ಲಿ ಗ್ರಂಥರೂಪಕ್ಕೆ ತಂದನು. 1868ರಿಂದ ಅವನ ಕೈಪಿಡಿ ವರ್ಷವರ್ಷವೂ ಹೊರಬಂದಿತು. ಲಂಡನ್ನಿನಲ್ಲಿ ಥಾಮಸ್ ಸ್ಕಿನ್ನರನ ಸ್ಟಾಕ್ ಎಕ್ಸ್‌ಚೇಂಜ್ ಇಯರ್‌ಬುಕ್ 1875ರಲ್ಲಿ ಆರಂಭವಾಯಿತು. ಕಲ್ಕತ್ತೆಯಲ್ಲಿ ಪ್ಲೇಸ್, ಸಿಡನ್ಸ್ ಅಂಡ್ ಗಾಫ್ ಎಂಬ ಷೇರು ದಲ್ಲಾಳಿಗಳು 1911ರಿಂದ ‘ಇನ್ವೆಸ್ಟರ್ಸ್ ಇಂಡಿಯಾ ಇಯರ್ ಬುಕ್’ ಎಂಬ ವಾರ್ಷಿಕವನ್ನು ಹೊರಡಿಸಿದರು. ಸೆಣಬು, ಚಹಾ, ಕಲ್ಲಿದ್ದಲು ಈ ಮೂರು ಉದ್ಯಮಗಳನ್ನು ಕುರಿತು ಬರೆಯುವವರಿಗೆ ಅದಕ್ಕಿಂತ ಹತ್ತಿರದ ಆಕರ ಮತ್ತೊಂದು ದೊರೆಯುವುದು ಕಷ್ಟ. ದಲ್ಲಾಳಿಗಳು ಕೊಳ್ಳುವ-ಮಾರುವ ಷೇರುಗಳ ವಿವರವನ್ನೇ ಮುಖ್ಯವಾಗಿ ಕೊಡುವರೆಂಬುದು ಸ್ವಾಭಾವಿಕ. ಪೇಟೆಗೆ ಬಾರದ ಮನೆತನದ ಕಂಪೆನಿಗಳು ಅಂಥ ಪುಸ್ತಕದಲ್ಲಿ ಕಾಣದಿದ್ದರೆ ಆಶ್ಚರ್ಯವಿಲ್ಲ.

ಇಂದಿನ ದತ್ತಸಂಚಯಗಳು ಈ ಎರಡು ವಂಶಗಳಿಗೆ ಸೇರಿದವು. ಅಮೆರಿಕದ ಎಡ್ಗರ್, ನಮ್ಮ ಕಂಪೆನಿ ವ್ಯವಹಾರಗಳ ಮಂತ್ರಾಲಯವು 2006ರಲ್ಲಿ ಆರಂಭಿಸಿದ ಎಂಸಿಎ-21, ಇವು ರಿಜಿಸ್ಟ್ರಾರನ ದಫ್ತರದ ವಂಶದವು. ಕಂಪೆನಿ ಒಪ್ಪಿಸಿದ ಪತ್ರವನ್ನು ಒಪ್ಪಿಸಿದಂತೆಯೇ ತೋರಿಸುತ್ತವೆ. ಅಮೆರಿಕದಲ್ಲಿ 1962ರಲ್ಲಿ ಹುಟ್ಟಿದ ಕಾಂಪುಸ್ಟ್ಯಾಟ್, ನರೋತ್ತಮ ಷಾ ಅವರು 1976ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಸೆಂಟರ್ ಫಾರ್ ಮಾನಿಟರಿಂಗ್ ಇಂಡಿಯನ್ ಎಕಾನಮಿ ಸಂಸ್ಥೆಯ ಪ್ರೊವೆಸ್, ಇವು ಪೂರ್ ಮತ್ತು ಸ್ಕಿನ್ನರರ ವಂಶದವು. ಇವು ವರದಿಗಳನ್ನು ಓದಿ, ಬೇರೆ ಬೇರೆ ಕಂಪೆನಿಗಳ ಲೆಕ್ಕಗಳನ್ನು ಒಂದೇ ಅಚ್ಚಿಗೆ ಹೊಂದಿಸಿ ಕೊಡುತ್ತವೆ. ಹೋಲಿಕೆಗೆ ಎರಡನೆಯದು ಅನುಕೂಲ, ಸಂದೇಹ ಪರಿಹಾರಕ್ಕೆ ಮೊದಲನೆಯದು. ಅಚ್ಚಿಗೆ ಹೊಂದಿಸುವಾಗ ಏನು ಎಲ್ಲಿ ಸೇರಿತೆಂಬುದನ್ನು ತಿಳಿಯಬೇಕಾದರೆ ಮೂಲ ವರದಿಯನ್ನು ನೋಡದೆ ಅನ್ಯಮಾರ್ಗವಿಲ್ಲ.

ಸಂಚಯದಲ್ಲಿ ಕಂಪೆನಿಯನ್ನು ಗುರುತಿಸುವ ಬಗೆಯಿಂದಲೇ ತೊಡಕು ಮೊದಲಾಗುತ್ತದೆ. ಭಾರತದಲ್ಲಿ ನೋಂದಾಯಿತವಾದ ಪ್ರತಿಯೊಂದು ಕಂಪೆನಿಗೂ ಇಪ್ಪತ್ತೊಂದು ಅಕ್ಷರ-ಅಂಕಿಗಳ ಗುರುತುಸಂಖ್ಯೆ ಉಂಟು. ವಿಪ್ರೊ ಕಂಪೆನಿಯ ಸಂಖ್ಯೆಯನ್ನು ಕನ್ನಡದಲ್ಲಿ ಬರೆದರೆ ‘ಎಲ್ 32102 ಕೆಎ 1945 ಪಿಎಲ್‌ಸಿ 020800’ ಎಂದಾಗುತ್ತದೆ. ಮೊದಲಕ್ಷರ ಷೇರುಪೇಟೆಯಲ್ಲಿ ಪಟ್ಟಿಯಾಗಿರುವುದನ್ನೂ, ಮುಂದಿನ ಐದು ಅಂಕಿಗಳು ಉದ್ಯಮದ ವರ್ಗವನ್ನೂ, ಎರಡಕ್ಷರಗಳು ರಾಜ್ಯವನ್ನೂ, ನಾಲ್ಕು ಅಂಕಿಗಳು ಸ್ಥಾಪನೆಯ ವರ್ಷವನ್ನೂ, ಮೂರಕ್ಷರಗಳು ಅದು ಸಾರ್ವಜನಿಕ ಕಂಪೆನಿಯೆಂಬುದನ್ನೂ, ಕೊನೆಯ ಆರು ಅಂಕಿಗಳು ನೋಂದಣಿಯ ಕ್ರಮವನ್ನೂ ಸೂಚಿಸುತ್ತವೆ. ಇದನ್ನು ನಂಬಿ 1945ರಲ್ಲಿ ಕರ್ನಾಟಕದಲ್ಲಿ ಸ್ಥಾಪನೆಯಾದ ಕಂಪೆನಿಯೆಂದು ಬರೆದವನು ಎರಡು ವಿಧದಲ್ಲಿ ದಾರಿ ತಪ್ಪುತ್ತಾನೆ. ಮೊದಲನೆಯದಾಗಿ, 1945ರಲ್ಲಿ ಕರ್ನಾಟಕವೆಂಬ ರಾಜ್ಯವೇ ಇರಲಿಲ್ಲ. ಎರಡನೆಯದಾಗಿ, ಆ ಕಂಪೆನಿಯು ‘ವೆಸ್ಟರ್ನ್ ಇಂಡಿಯಾ ವೆಜಿಟಬಲ್ ಪ್ರಾಡಕ್ಟ್ಸ್’ ಎಂಬ ಹೆಸರಿನಿಂದ ಆ ವರ್ಷದ ಡಿಸೆಂಬರ್ 29ರಂದು ಮುಂಬಯಿ ಪ್ರಾಂತದಲ್ಲಿ ಹುಟ್ಟಿ, ಖಾನದೇಶದ ಅಮಳನೇರಿನಲ್ಲಿ ವನಸ್ಪತಿಯನ್ನು ತಯಾರಿಸುತ್ತಿತ್ತು. 1977ರಲ್ಲಿ ಅದರ ಹೆಸರು ಬದಲಾಯಿತು. ಗಣಕಯಂತ್ರ ಮತ್ತು ತಂತ್ರಾಂಶದ ಉದ್ಯಮಗಳು ತರುವಾಯ ಬಂದವು. ನೋಂದಾಯಿತ ಕಚೇರಿಯೂ ಬೆಂಗಳೂರಿಗೆ ಬಂದಿತು. ಉದ್ಯಮವನ್ನು ಸೂಚಿಸುವ ಅಂಕಿಗಳಲ್ಲಿ ಎಣ್ಣೆಯ ಸುಳಿವು ಇಲ್ಲ. 2013ರಲ್ಲಿ ಸಾಬೂನು, ವಿದ್ಯುದ್ದೀಪ ಮೊದಲಾದ ಬಳಕೆಯ ವಸ್ತುಗಳ ವಿಭಾಗವನ್ನು ಬೇರ್ಪಡಿಸಿ ಬೇರೊಂದು ಕಂಪೆನಿಗೆ ವಹಿಸಲಾಯಿತು. ಹೀಗಾಗಿ ಒಂದೇ ಸಂಖ್ಯೆಯ ಕೆಳಗೆ, ಒಂದೇ ಸಾಲಿನಲ್ಲಿ ತೋರುವ ಅಂಕಿಗಳು 2013ರ ಹಿಂದೆ ಒಂದು ವಸ್ತುವನ್ನೂ ಮುಂದೆ ಮತ್ತೊಂದು ವಸ್ತುವನ್ನೂ ಅಳೆಯುತ್ತವೆ. ಗುರುತುಸಂಖ್ಯೆ ಇಂದಿನ ವಿಳಾಸ. ಅದನ್ನು ಜಾತಕವೆಂದು ಓದಬಾರದು.

ವರ್ಷಗಳ ಹೋಲಿಕೆಯಲ್ಲಿಯೂ ಇಂಥದೇ ಎಚ್ಚರ ಬೇಕು. ಒಂದು ಕಾಲಕ್ಕೆ ಕಂಪೆನಿಗಳು ತಮಗೆ ಒಪ್ಪುವ ದಿನದಲ್ಲಿ ಲೆಕ್ಕವನ್ನು ಮುಗಿಸುತ್ತಿದ್ದವು. ಕೆಲವಕ್ಕೆ ಡಿಸೆಂಬರ್, ಕೆಲವಕ್ಕೆ ಜೂನ್, ಕೆಲವಕ್ಕೆ ದೀಪಾವಳಿ. ವರಮಾನ ತೆರಿಗೆಗೆ ಎಲ್ಲರೂ ಮಾರ್ಚ್ 31ಕ್ಕೆ ಮುಗಿಯುವ ವರ್ಷವನ್ನೇ ಅನುಸರಿಸಬೇಕೆಂಬ ನಿಯಮ 1989-90ರ ತೆರಿಗೆ ನಿರ್ಧಾರದ ವರ್ಷದಿಂದ ಜಾರಿಗೆ ಬಂದಿತು. ಆ ಸಂಧಿಕಾಲದಲ್ಲಿ ಎಷ್ಟೋ ಕಂಪೆನಿಗಳ ‘ವರ್ಷ’ ಹನ್ನೆರಡು ತಿಂಗಳಿಗೆ ನಿಲ್ಲಲಿಲ್ಲ. ಪ್ರೊವೆಸ್ ಸಂಚಯದ ಅಂಕಿಗಳು ಮೊದಲಾಗುವುದೂ ಸುಮಾರು ಇದೇ ಹೊತ್ತಿಗೆ. ಮೊದಲ ಸಾಲಿನಲ್ಲಿಯೇ ಹದಿನೈದು ತಿಂಗಳ ಮಾರಾಟವನ್ನು ಹನ್ನೆರಡು ತಿಂಗಳ ಮಾರಾಟದೊಡನೆ ಹೋಲಿಸಿ ಉದ್ಯಮ ಕುಗ್ಗಿತೆಂದು ಕೊರಗುವುದು ನ್ಯಾಯವಲ್ಲ.

ಇದಕ್ಕಿಂತಲೂ ಹೆಚ್ಚು ಬೋಧಪ್ರದವಾದುದು 2011ರ ಬದಲಾವಣೆ. 1956ರ ಕಾಯಿದೆಯ ಆರನೆಯ ಅನುಸೂಚಿಯು, ಪರವಾನಗಿ ಪಡೆದ ಉತ್ಪಾದನಾ ಸಾಮರ್ಥ್ಯವೆಷ್ಟು, ಸ್ಥಾಪಿತ ಸಾಮರ್ಥ್ಯವೆಷ್ಟು, ತಯಾರಿಸಿದ್ದೆಷ್ಟು, ಮಾರಿದ್ದೆಷ್ಟು ಎಂಬುದನ್ನು ಟನ್ನು, ಗಜ, ಸಂಖ್ಯೆಗಳ ಲೆಕ್ಕದಲ್ಲಿ ತೋರಿಸಬೇಕೆಂದು ವಿಧಿಸಿತ್ತು. ಯೋಜನಾಬದ್ಧ ಅರ್ಥವ್ಯವಸ್ಥೆಯ ಕಾಲದ ಸರಕಾರಕ್ಕೆ ಆ ವಿವರ ಬೇಕಾಗಿತ್ತು. ಪರವಾನಗಿಯ ಆಡಳಿತವು 1991ರಲ್ಲಿ ಬಹುಮಟ್ಟಿಗೆ ಮುಗಿದರೂ ಅನುಸೂಚಿ ಇನ್ನೂ ಇಪ್ಪತ್ತು ವರ್ಷ ಹಾಗೆಯೇ ಉಳಿಯಿತು. 2011ರಲ್ಲಿ ಪರಿಷ್ಕೃತವಾದಾಗ ಪರಿಮಾಣದ ಈ ವಿವರಗಳನ್ನು ಬಿಡಲಾಯಿತು. ಆದುದರಿಂದ ಸಿಮೆಂಟನ್ನೋ ಕಾಗದವನ್ನೋ ಕುರಿತು ಬರೆಯುವ ವಿದ್ಯಾರ್ಥಿಗೆ 2011ರವರೆಗೆ ಕಂಪೆನಿಯ ವರದಿಯಲ್ಲಿ ಬೆಲೆಯೂ ಪರಿಮಾಣವೂ ಬೇರೆಬೇರೆಯಾಗಿ ಕಾಣುತ್ತವೆ. ಆಮೇಲೆ ಅನೇಕ ಕಂಪೆನಿಗಳಲ್ಲಿ ಹಣದ ಅಂಕಿ ಮಾತ್ರ ಉಳಿಯುತ್ತದೆ. ಮಾರಾಟ ಹೆಚ್ಚಿದ್ದು ಸರಕು ಹೆಚ್ಚಾದುದರಿಂದಲೋ ಬೆಲೆ ಏರಿದುದರಿಂದಲೋ ಎಂಬ ಮೂಲಪ್ರಶ್ನೆಗೆ ಉತ್ತರ ಕೊಡುವುದು ಅಲ್ಲಿಂದ ಮುಂದೆ ದುಸ್ಸಾಧ್ಯವಾಯಿತು. ಕಂಪೆನಿಗಳಲ್ಲಿ ಏನೂ ಬದಲಾಗಿರಲಿಲ್ಲ. ಕೇಳುವವರು ಕೇಳುವುದನ್ನು ನಿಲ್ಲಿಸಿದರು, ಅಷ್ಟೆ.

ಇಷ್ಟರವರೆಗೆ ಹೇಳಿದ ತೊಡಕುಗಳು ಎಚ್ಚರಿಕೆಯಿಂದ ಪರಿಹಾರವಾಗತಕ್ಕವು. ಸತ್ತ ಕಂಪೆನಿಗಳ ವಿಷಯ ಹಾಗಲ್ಲ. ಸಂಚಯದಲ್ಲಿ ಹೆಸರೇ ಇಲ್ಲದ ಕಂಪೆನಿಯನ್ನು ಎಚ್ಚರದಿಂದ ಓದುವುದೆಂದರೇನು? ಇದಕ್ಕೆ ನಮ್ಮ ನೆರೆಯ ವಯನಾಡಿನ ಚಿನ್ನದ ಕಥೆ ಉತ್ತಮ ನಿದರ್ಶನ.

ಆಗ್ನೇಯ ವಯನಾಡಿನ ಗೂಡಲೂರು, ದೇವಾಲ, ಪಂದಲೂರುಗಳ ಸುತ್ತಣ ಪ್ರದೇಶ ಈಗ ತಮಿಳುನಾಡಿನ ನೀಲಗಿರಿ ಜಿಲ್ಲೆಗೆ ಸೇರಿದೆ. ಅಲ್ಲಿಯ ತೊರೆಗಳಲ್ಲಿ ಚಿನ್ನವನ್ನು ಜಾಲಿಸುವ ಕಸುಬು ಬಹಳ ಹಳೆಯದು. 1874ರಲ್ಲಿ ಆಲ್ಫಾ ಎಂಬ ಕಂಪೆನಿ ಅಲ್ಲಿ ಗಣಿಕೆಲಸವನ್ನು ತೊಡಗಿತು. ಆಸ್ಟ್ರೇಲಿಯದ ಗಣಿಗಳಲ್ಲಿ ಅನುಭವವಿದ್ದ ರಾಬರ್ಟ್ ಬ್ರೋ ಸ್ಮಿತ್ ಎಂಬ ಭೂವಿಜ್ಞಾನಿಯನ್ನು ಸರಕಾರ ಕರೆಸಿಕೊಂಡು ಪ್ರದೇಶವನ್ನು ಪರೀಕ್ಷಿಸಿಸಿತು. 1880ರಲ್ಲಿ ಹೊರಬಂದ ಅವನ ವರದಿ ಆಶಾದಾಯಕವಾಗಿತ್ತು. ಲಂಡನ್ನಿನಲ್ಲಿ ಷೇರುಗಳಿಗೆ ನೂಕುನುಗ್ಗಲಾಯಿತು. 1879ರಿಂದ 1881ರೊಳಗೆ ಮೂವತ್ತಕ್ಕೂ ಹೆಚ್ಚು ಕಂಪೆನಿಗಳು ಎದ್ದವು. ಅವುಗಳ ಒಟ್ಟು ನಾಮಾಂಕಿತ ಬಂಡವಾಳ 40 ಲಕ್ಷ ಪೌಂಡುಗಳನ್ನು ಮೀರಿತು. ಎಲೆರೋಗದಿಂದ ನೊಂದಿದ್ದ ಕಾಫಿ ತೋಟಗಳ ಒಡೆಯರು ತಮ್ಮ ಜಮೀನನ್ನು ಚಿನ್ನದ ನೆಲವೆಂದು ದೊಡ್ಡ ಬೆಲೆಗೆ ಪ್ರವರ್ತಕರಿಗೆ ಮಾರಿದರು. ಬಂಡವಾಳದ ಬಹುಭಾಗ ಹೀಗೆ ನೆಲದ ಬೆಲೆಗೇ ಹೋಯಿತು. ಅಗೆಯಲು ಉಳಿದದ್ದು ಸ್ವಲ್ಪ, ಅಗೆದಾಗ ಸಿಕ್ಕಿದ್ದು ಇನ್ನೂ ಸ್ವಲ್ಪ. ಕೆಲವು ಕಾಲ ಗಣಿಪಟ್ಟಣವಾಗಿ ಮೆರೆದ ಪಂದಲೂರು ಕೆಲವೇ ವರ್ಷಗಳಲ್ಲಿ ಮತ್ತೆ ಕಾಡಿನಂಚಿನ ಹಳ್ಳಿಯಾಯಿತು.

ಇದೇ 1880ರಲ್ಲಿ, ಇದೇ ಲಂಡನ್ನಿನಲ್ಲಿ, ಮೈಸೂರು ಗೋಲ್ಡ್ ಮೈನಿಂಗ್ ಕಂಪೆನಿ ಸ್ಥಾಪಿತವಾಯಿತು. ಲಾವೆಲ್ ಎಂಬ ನಿವೃತ್ತ ಸೈನಿಕನು 1870ರ ದಶಕದಲ್ಲಿ ಮೈಸೂರು ಸರಕಾರದಿಂದ ಪಡೆದಿದ್ದ ಹಕ್ಕು ಕೈಯಿಂದ ಕೈಗೆ ದಾಟಿ ಈ ಕಂಪೆನಿಗೆ ಬಂದಿತ್ತು. ಕೋಲಾರದಲ್ಲಿಯೂ ಆರಂಭದ ವರ್ಷಗಳು ನಿರಾಶೆಯವೇ. ಹಣ ಕರಗುತ್ತಿತ್ತು, ಚಿನ್ನ ಕಾಣುತ್ತಿರಲಿಲ್ಲ. ಬಂಡವಾಳ ಇನ್ನೇನು ಮುಗಿಯಿತೆನ್ನುವ ಹೊತ್ತಿಗೆ, ಆಡಳಿತವನ್ನು ವಹಿಸಿಕೊಂಡಿದ್ದ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯವರು ಇನ್ನೂ ಸ್ವಲ್ಪ ಅಗೆಯಬೇಕೆಂದು ಒಪ್ಪಿಸಿದರು. 1883ರಲ್ಲಿ ಸಮೃದ್ಧವಾದ ಅದುರಿನ ಪದರ ಸಿಕ್ಕಿತು. ಆಮೇಲಿನ ಕಥೆ ಎಲ್ಲರಿಗೂ ವಿದಿತ. ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಕಂಪೆನಿಗಳು ಬೆಳೆದವು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುಚ್ಛಕ್ತಿ ಗಣಿಗಳಿಗೆ ಹರಿಯಿತು. 1956ರ ನವೆಂಬರಿನಲ್ಲಿ ಮೈಸೂರು ಸರಕಾರವೂ 1962ರಲ್ಲಿ ಕೇಂದ್ರ ಸರಕಾರವೂ ಗಣಿಗಳನ್ನು ವಹಿಸಿಕೊಂಡವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸರಕಾರಿ ಕಂಪೆನಿ ಏರ್ಪಟ್ಟು, 2001ರ ಫೆಬ್ರವರಿ 28ರಂದು ಕೆಲಸ ನಿಂತಿತು.

ದಕ್ಷಿಣ ಭಾರತದ ಚಿನ್ನದ ಗಣಿಗಳಲ್ಲಿ ಆಂಗ್ಲ ಬಂಡವಾಳಕ್ಕೆ ಬಂದ ಪ್ರತಿಫಲವೆಷ್ಟು ಎಂಬ ಪ್ರಶ್ನೆಯನ್ನು ವಿದ್ಯಾರ್ಥಿಯೊಬ್ಬನು ಎತ್ತಿಕೊಂಡನೆನ್ನೋಣ. ವರ್ಷಪುಸ್ತಕಗಳಲ್ಲಿಯೂ ಗಣಕೀಕೃತ ವರದಿಗಳಲ್ಲಿಯೂ ಹೇರಳವಾಗಿ ಸಿಗುವುದು ಕೋಲಾರದ ಕಂಪೆನಿಗಳ ಲಾಭಾಂಶದ ಲೆಕ್ಕ. ದಶಕಗಟ್ಟಲೆ ಬದುಕಿದ್ದ ಕಂಪೆನಿ ದಶಕಗಟ್ಟಲೆ ಕಾಗದವನ್ನು ಬಿಟ್ಟುಹೋಗುತ್ತದೆ. ಎರಡು ಮೂರು ವರ್ಷ ಬದುಕಿದ ವಯನಾಡಿನ ಕಂಪೆನಿ ಬಿಟ್ಟುಹೋಗುವುದು ಒಂದು ತೆಳುವಾದ ಕಡತ. ಕೋಲಾರವನ್ನು ಮಾತ್ರ ನೋಡಿದರೆ ಪ್ರತಿಫಲ ಅತ್ಯಧಿಕ. ವಯನಾಡಿನಲ್ಲಿ ಮುಳುಗಿದ ಹಣವನ್ನೂ ಸೇರಿಸಿದರೆ ಚಿತ್ರವೇ ಬೇರೆ. ವಸಾಹತು ಕಾಲದ ಬಂಡವಾಳವು ನಮ್ಮ ದೇಶದಿಂದ ಎಷ್ಟನ್ನು ಕೊಂಡೊಯ್ದಿತೆಂಬ ಗಂಭೀರ ಚರ್ಚೆಯಲ್ಲಿ ಈ ಎರಡು ಲೆಕ್ಕಗಳ ನಡುವಣ ಅಂತರ ಅಲ್ಪವಾದುದಲ್ಲ. ಕೋಲಾರದ ಲಾಭವನ್ನು ಅಲ್ಲಗಳೆಯಬೇಕೆಂದು ಹೇಳುತ್ತಿಲ್ಲ. ಮೈಸೂರಿನ ನೆಲದಿಂದ ಹೋದ ಚಿನ್ನ ಹೋದದ್ದೇ. ಲಂಡನ್ನಿನ ಹೂಡಿಕೆದಾರನ ಸರಾಸರಿ ಪ್ರತಿಫಲ ಬೇರೆ ಪ್ರಶ್ನೆ, ಮೈಸೂರಿನ ನಷ್ಟ ಬೇರೆ ಪ್ರಶ್ನೆ. ಒಂದರ ಅಂಕಿಯಿಂದ ಮತ್ತೊಂದಕ್ಕೆ ಉತ್ತರ ಹೇಳಲಾಗದು.

ಸತ್ತ ಕಂಪೆನಿಗಳ ಕಡತಗಳು ಪೂರ್ತಿಯಾಗಿ ನಾಶವಾಗಿಲ್ಲವೆಂಬುದು ನಮ್ಮ ಭಾಗ್ಯ. ಲಂಡನ್ನಿನ ಕ್ಯೂ ಎಂಬಲ್ಲಿರುವ ಬ್ರಿಟಿಷ್ ರಾಷ್ಟ್ರೀಯ ದಫ್ತರಖಾನೆಯಲ್ಲಿ ವಿಸರ್ಜಿತ ಕಂಪೆನಿಗಳ ಕಡತಗಳು ‘ಬಿಟಿ 31’ ಎಂಬ ಶ್ರೇಣಿಯಲ್ಲಿವೆ. ಹತ್ತೊಂಬತ್ತನೆಯ ಶತಮಾನದ ಕಡತಗಳು ಇಲ್ಲಿ ಸಮೃದ್ಧವಾಗಿವೆ. ತೀರ ಈಚಿನವುಗಳಲ್ಲಿ ಮಾದರಿಗೆಂದು ಕೆಲವನ್ನು ಮಾತ್ರ ಉಳಿಸಿಕೊಂಡಿದ್ದಾರೆ. ಅಲ್ಲಿಯ ಸೂಚಿಯಲ್ಲಿ ಕಂಪೆನಿಯ ಹೆಸರನ್ನು ಮನೆಯಿಂದಲೇ ಹುಡುಕಬಹುದು. ಹುಡುಕುವಾಗ ಆ ಕಾಲದ ಆಂಗ್ಲರ ಕಾಗುಣಿತವನ್ನು ಬಳಸಬೇಕು. ನಮ್ಮ ನಂದಿದುರ್ಗ ಅವರ ಬಾಯಲ್ಲಿ ‘ನಂಡಿಡ್ರೂಗ್’, ಊರಿಗಾಂ ‘ಊರೆಗಮ್’, ವಯನಾಡು ‘ವೈನಾಡ್’. ಅಕ್ಷರ ಒಂದು ತಪ್ಪಿದರೂ ಯಂತ್ರವು ಇಲ್ಲವೆಂದು ಕೈಯಾಡಿಸುತ್ತದೆ. ಕಡತವನ್ನು ತೆರೆದರೆ ಸಂಸ್ಥಾಪನಾ ಪತ್ರ, ನಿಯಮಾವಳಿ, ಬಂಡವಾಳದ ಗೋಷ್ವಾರೆ, ವರ್ಷವರ್ಷದ ಷೇರುದಾರರ ಪಟ್ಟಿ ಇರುತ್ತವೆ. 1880ರ ದಶಕದ ಅಢಾವೆ ಪತ್ರಿಕೆಯನ್ನು ನಿರೀಕ್ಷಿಸಿದವರಿಗೆ ಮಾತ್ರ ಆಶಾಭಂಗವಾಗುವುದು. ಕಾರಣವನ್ನು ಹಿಂದೆಯೇ ಹೇಳಿದೆ: 1856ರಿಂದ 1907ರವರೆಗೆ ಇಂಗ್ಲೆಂಡಿನ ಕಾನೂನು ಅದನ್ನು ಕೇಳಲಿಲ್ಲ. ಕಂಪೆನಿ ಬಚ್ಚಿಟ್ಟಿತೆಂದು ಊಹಿಸಬೇಕಾಗಿಲ್ಲ. ಆದರೆ ಕಾನೂನು ಕೇಳಿದ ಷೇರುದಾರರ ಪಟ್ಟಿಯಲ್ಲಿ ಹೆಸರಿನೊಡನೆ ವಿಳಾಸವೂ ವೃತ್ತಿಯೂ ಇರುವುದರಿಂದ, ಯಾವ ವರ್ಗದವರ ಹಣ ವಯನಾಡಿನ ಕಾಡಿನಲ್ಲಿ ಕರಗಿತೆಂಬುದನ್ನು ಎಣಿಸಿ ಹೇಳಲು ಸಾಧ್ಯ. ಅಢಾವೆ ಪತ್ರಿಕೆಗಿಂತಲೂ ಬೆಲೆಯುಳ್ಳ ಈ ಆಧಾರವನ್ನು ನಮ್ಮವರು ಇನ್ನೂ ಹೆಚ್ಚಾಗಿ ಬಳಸಿಕೊಳ್ಳಬೇಕು.

ಇದು ಹಳೆಯ ಕಾಲದ ಮಾತೆಂದು ತಳ್ಳಿಹಾಕುವಂತಿಲ್ಲ. ಬಂಡವಾಳ ನಿಯಂತ್ರಣದ ಕಾಯಿದೆ 1992ರಲ್ಲಿ ರದ್ದಾದ ಬಳಿಕ ಸಾರ್ವಜನಿಕರಿಂದ ಹಣವೆತ್ತಿದ ಕಂಪೆನಿಗಳ ಸಂಖ್ಯೆ ಸಾವಿರಗಳಲ್ಲಿತ್ತು. ಅವುಗಳಲ್ಲಿ ಇನ್ನೂರಕ್ಕೂ ಹೆಚ್ಚಿನವನ್ನು ಸರಕಾರವೇ ಮುಂದೆ ‘ಕಣ್ಮರೆಯಾದ ಕಂಪೆನಿಗಳು’ ಎಂದು ಪಟ್ಟಿ ಮಾಡಬೇಕಾಯಿತು. 2017-18ರಲ್ಲಿಯಂತೂ ಎರಡು ಲಕ್ಷಕ್ಕೂ ಹೆಚ್ಚು ಕಂಪೆನಿಗಳ ಹೆಸರನ್ನು ನೋಂದಣಿಯಿಂದ ತೆಗೆದುಹಾಕಲಾಯಿತು. ತೊಂಬತ್ತರ ದಶಕದಲ್ಲಿ ಹುಟ್ಟಿದ ಕಂಪೆನಿಗಳ ಸಾಧನೆಯನ್ನು ಇಂದು ಪಟ್ಟಿಯಲ್ಲಿರುವ ಹೆಸರುಗಳಿಂದ ಅಳೆಯುವ ವಿದ್ಯಾರ್ಥಿ ಕೋಲಾರವನ್ನು ನೋಡಿ ವಯನಾಡನ್ನು ಮರೆಯುತ್ತಾನೆ. ಪರಿಹಾರ ಕಷ್ಟವಲ್ಲ: ಆರಂಭದ ವರ್ಷದಲ್ಲಿ ಇದ್ದ ಕಂಪೆನಿಗಳ ಪಟ್ಟಿಯನ್ನು ಆ ವರ್ಷದ ಮುದ್ರಿತ ಡೈರೆಕ್ಟರಿಯಿಂದ ಮೊದಲು ತಯಾರಿಸಿಕೊಂಡು, ಒಂದೊಂದರ ಗತಿಯನ್ನೂ ಮುಂದಕ್ಕೆ ಅನುಸರಿಸಿ ಬರಬೇಕು. ಇಂದಿನಿಂದ ಹಿಂದಕ್ಕೆ ಹೋಗುವ ದಾರಿಯಲ್ಲಿ ಸತ್ತವರು ಎದುರಾಗುವುದಿಲ್ಲ. ಮುದ್ರಿತ ಡೈರೆಕ್ಟರಿಗಳನ್ನು ರದ್ದಿಗೆ ಹಾಕಲು ಆತುರಪಡುವ ಗ್ರಂಥಪಾಲಕರು ಈ ಒಂದು ಉಪಯೋಗವನ್ನಾದರೂ ಆಲೋಚಿಸುವುದು ಒಳ್ಳೆಯದು.

ಸಾಯದೆಯೇ ಕಣ್ಮರೆಯಾಗುವ ಕಂಪೆನಿಗಳೂ ಉಂಟು. ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹುಟ್ಟಿ ದೇಶವ್ಯಾಪಿಯಾಗಿ ಬೆಳೆದ ಐದು ಬ್ಯಾಂಕುಗಳಲ್ಲಿ ಇಂದು ಹೆಸರು ಉಳಿದಿರುವುದು ಎರಡಕ್ಕೆ: ಕೆನರಾ ಬ್ಯಾಂಕ್ ಮತ್ತು 1924ರ ಕರ್ಣಾಟಕ ಬ್ಯಾಂಕ್. 1931ರ ವಿಜಯ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡವನ್ನೂ, ಉಡುಪಿಯಲ್ಲಿ 1906ರಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕ್ 2020ರಲ್ಲಿ ಯೂನಿಯನ್ ಬ್ಯಾಂಕನ್ನೂ, 1925ರ ಸಿಂಡಿಕೇಟ್ ಬ್ಯಾಂಕ್ ಅದೇ ವರ್ಷ ಕೆನರಾ ಬ್ಯಾಂಕನ್ನೂ ಸೇರಿದವು. ಈ ವಿಜಯ ಬ್ಯಾಂಕೇ 1963-68ರ ನಡುವೆ ಒಂಬತ್ತು ಸಣ್ಣ ಬ್ಯಾಂಕುಗಳನ್ನು ತನ್ನೊಳಗೆ ಸೇರಿಸಿಕೊಂಡಿತ್ತೆಂದ ಮೇಲೆ, ಒಂದು ಹೆಸರಿನ ಹಿಂದೆ ಎಷ್ಟು ಹೆಸರುಗಳು ಅಡಗಿವೆಯೆಂಬುದನ್ನು ಊಹಿಸಬಹುದು. ಕೆನರಾ ಬ್ಯಾಂಕನ್ನು ಕಂಪೆನಿ ರಿಜಿಸ್ಟ್ರಾರರ ಸಂಚಯದಲ್ಲಿ ಹುಡುಕುವವರಿಗೆ ಬೇರೊಂದು ಆಶ್ಚರ್ಯ ಕಾದಿರುತ್ತದೆ: ಅದು ಅಲ್ಲಿ ಇಲ್ಲ. 1969ರ ಜುಲೈ 19ರಂದು ರಾಷ್ಟ್ರೀಕೃತವಾದಾಗ ಹಳೆಯ ಕಂಪೆನಿಯ ವ್ಯವಹಾರವು ಪ್ರತ್ಯೇಕ ಶಾಸನದಿಂದ ರಚಿತವಾದ ಹೊಸ ಸಂಸ್ಥೆಗೆ ವರ್ಗವಾಯಿತು. ಕಂಪೆನಿ ಕಾಯಿದೆಯ ಗುರುತುಸಂಖ್ಯೆ ಅದಕ್ಕೆ ಸಲ್ಲುವುದಿಲ್ಲ. ಬ್ಯಾಂಕುಗಳ ವಿಷಯದಲ್ಲಿ ರಿಸರ್ವ್ ಬ್ಯಾಂಕಿನ ವಾರ್ಷಿಕ ಕೋಷ್ಟಕಗಳನ್ನು ಆಶ್ರಯಿಸುವುದೇ ಯುಕ್ತ.

ಕೊನೆಯದಾಗಿ, ಷೇರುದಾರರಿಗಾಗಿ ಬರೆದ ವರದಿಯಲ್ಲಿ ಯಾರ ವಿಷಯ ಇರುವುದಿಲ್ಲವೆಂಬುದನ್ನೂ ಕೇಳಬೇಕು. ಕೋಲಾರದ ಕಂಪೆನಿಗಳ ವರದಿಗಳು ಎಷ್ಟು ಟನ್ನು ಕಲ್ಲನ್ನು ಅರೆದರು, ಎಷ್ಟು ಔನ್ಸು ಚಿನ್ನ ಬಂದಿತು, ಲಾಭಾಂಶವೆಷ್ಟು, ಮೈಸೂರು ಸರಕಾರಕ್ಕೆ ಕೊಟ್ಟ ರಾಜಧನವೆಷ್ಟು ಎಂಬುದರಲ್ಲಿ ನಿಷ್ಕೃಷ್ಟವಾಗಿರುತ್ತವೆ. ರಾಜಧನದ ಅಂಕಿಯನ್ನು ಮೈಸೂರು ಸರಕಾರದ ವಾರ್ಷಿಕ ಆಡಳಿತ ವರದಿಗಳೊಡನೆ ತಾಳೆ ನೋಡಬಹುದು. ಎರಡು ಕೈಗಳಲ್ಲಿ ಬರೆದ ಒಂದೇ ಲೆಕ್ಕ ದೊರೆಯುವುದು ಚರಿತ್ರಕಾರನಿಗೆ ಅಪೂರ್ವವಾದ ಅನುಕೂಲ. ಆದರೆ ಮೂರು ಸಾವಿರ ಮೀಟರಿಗೂ ಆಳದ ಸುರಂಗಗಳವರೆಗೆ ಇಳಿದು ಕಲ್ಲು ಒಡೆದವರು, ಬಹುಮಟ್ಟಿಗೆ ಉತ್ತರ ಆರ್ಕಾಟು ಮೊದಲಾದ ಕಡೆಗಳಿಂದ ಬಂದ ಕಾರ್ಮಿಕರು, ಅಲ್ಲಿ ವೆಚ್ಚದ ಒಂದು ಬಾಬತ್ತು. 1930ರಲ್ಲಿ ಕಾರ್ಮಿಕರ ಬೆರಳಚ್ಚುಗಳನ್ನು ತೆಗೆದುಕೊಂಡು ನೋಂದಾಯಿಸುವ ಏರ್ಪಾಡಿನ ವಿರುದ್ಧ ಗಣಿಗಳಲ್ಲಿ ದೊಡ್ಡ ಮುಷ್ಕರ ನಡೆಯಿತು. ಜಾನಕಿ ನಾಯರ್ ಅವರು ಮೈಸೂರಿನ ಗಣಿ ಮತ್ತು ಗಿರಣಿ ಕಾರ್ಮಿಕರನ್ನು ಕುರಿತು 1998ರಲ್ಲಿ ಪ್ರಕಟಿಸಿದ ಗ್ರಂಥವನ್ನು ಓದಿದವರಿಗೆ, ಕಂಪೆನಿಯ ಲೆಕ್ಕಪತ್ರಗಳ ಹೊರಗೆ ಎಷ್ಟು ದೊಡ್ಡ ಲೋಕವಿತ್ತೆಂಬುದು ತಿಳಿಯುತ್ತದೆ. ಅದನ್ನು ಹುಡುಕಬೇಕಾದ ಸ್ಥಳ ಬೆಂಗಳೂರಿನ ರಾಜ್ಯ ಪತ್ರಾಗಾರ. ಅಲ್ಲಿ ಮೈಸೂರು ಸಂಸ್ಥಾನದ ಸಚಿವಾಲಯದ ಕಡತಗಳಿವೆ. ಕಂಪೆನಿಯ ಹೆಸರನ್ನು ಹಿಡಿದು ಅಲ್ಲಿ ಹೋದವರು ಪೋಲೀಸು, ಆರೋಗ್ಯ, ಗಣಿ ಇಲಾಖೆ, ಸಾಮಾನ್ಯ ಆಡಳಿತ ಮುಂತಾದ ಶಿರೋನಾಮೆಗಳ ಕೆಳಗೂ ಸೂಚಿಯನ್ನು ತಿರುವಿಹಾಕಬೇಕು, ಏಕೆಂದರೆ ಆ ಕಡತಗಳನ್ನು ಕಟ್ಟಿದ ಗುಮಾಸ್ತರಿಗೆ ಕಂಪೆನಿ ಮುಖ್ಯವಾಗಿರಲಿಲ್ಲ, ಇಲಾಖೆ ಮುಖ್ಯವಾಗಿತ್ತು.